ಕೊಬ್ಬು

ನಮ್ಮ ಕಡೆ 'ಕೊಬ್ಬು' ಅನ್ನೋ ಮಾತಿಗೆ ಎರಡು ಅರ್ಥ. ಒಂದು ಮೈಯಲ್ಲಿ ಇರೋದು. ಇನ್ನೊಂದು, ಕೇರಿಯವರು ತಲೆ ಎತ್ತಿ ನಡೆದಾಗ ಊರಿನವರ ಕಣ್ಣಿಗೆ ಕಾಣೋದು. ಹೋಟೆಲಿನಲ್ಲಿ ಬೇರೆ ಲೋಟ ಬೇಡ ಅಂದ ದಿನ ನಮ್ಮಪ್ಪನಿಗೆ ಕೊಬ್ಬು ಬಂದಿತ್ತು. ಆಗ ಅವನ ಮೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕ ಟೀಚರಾಗಿ ಅದೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವಳಿಗೂ ಬಂತು. ಈ ಕೊಬ್ಬಿಗೆ ಆಪರೇಷನ್ ಇಲ್ಲ. ಇನ್ನೊಂದಕ್ಕೆ ಇದೆ. ಅದನ್ನು ನಾವು ಒಂದು ಸಲ ಮಾಡಿಸಿದೆವು. ಎರಡನೇ ಸಲ ಮಾಡಿಸಬೇಕೋ ಬೇಡವೋ ಎಂದು ಆರು ತಿಂಗಳು ಮನೆಮಂದಿಯೆಲ್ಲ ತಲೆ ಕೆಡಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಅಕ್ಕನೇ ಬರೆಯಿರಿ ಎಂದಿದ್ದಾಳೆ.

2018ರಲ್ಲಿ ಅಕ್ಕನ ತೂಕ 118 ಕೇಜಿ. ಎತ್ತರ ಐದು ಅಡಿ ಒಂದಿಂಚು. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಸಲ ಇನ್ಸುಲಿನ್. ಮಂಡಿ ನೋವಿಗೆ ಮೆಟ್ಟಿಲು ಹತ್ತೋಕಾಗುತ್ತಿರಲಿಲ್ಲ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ 'ಸ್ಲೀವ್' ಮಾಡಿಸಿ ಅಂದರು. ಜಠರದ ನೂರಕ್ಕೆ 75ರಿಂದ 80 ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡಿ ಸ್ಟೇಪಲ್ ಹೊಡೆಯುತ್ತಾರೆ. ಹಸಿವು ಹುಟ್ಟಿಸೋ 'ಗ್ರೆಲಿನ್' ಎಂಬ ಹಾರ್ಮೋನು ಹೆಚ್ಚಾಗಿ ಬರೋದು ಆ ಕತ್ತರಿಸೋ ಭಾಗದಿಂದಲೇ. ಅದಕ್ಕೇ ಹಸಿವೂ ತಗ್ಗುತ್ತದೆ. ತೆಗೆದದ್ದನ್ನು ಮತ್ತೆ ಕೂರಿಸೋಕಾಗಲ್ಲ.

ಇದನ್ನು ಬಿಡಿಸಿ ಹೇಳಿದಾಗ ಅವ್ವ, "ಹಸಿವ್ನೇ ಕಿತ್ತಾಕ್ತಾರಾ? ಇದು ನಮ್ ಕಾಲ್ದಲ್ಲೇ ಬರ್ಬೇಕಿತ್ತು ಕನ್ ಮಗ" ಅಂದಳು. ಯಾರೂ ನಗಲಿಲ್ಲ.

ದುಡ್ಡು ಎಲ್ಲಿಂದ? ಅಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದ ಒಂದೂವರೆ ಎಕರೆ ಇದೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರೋಹಾಗಿಲ್ಲ. ಅದು ಒಳ್ಳೆಯದೇ, ಇಲ್ಲದಿದ್ದರೆ ಎಂದೋ ಗೌಡರ ಪಾಲಾಗುತ್ತಿತ್ತು. ಅಕ್ಕ ಸಂಬಳದ ಮೇಲೆ ಬ್ಯಾಂಕ್ ಸಾಲ ತೆಗೆದಳು. ಓಲೆ, ಬಳೆ ಅಡವಿಟ್ಟೆವು.

2020ರ ಹೊತ್ತಿಗೆ ತೂಕ 82ಕ್ಕೆ ಇಳಿಯಿತು. ಇನ್ಸುಲಿನ್ ನಿಂತಿತು. ಅಕ್ಕ ಮಕ್ಕಳ ಜೊತೆ ಕೊಕ್ಕೋ ಆಡಿದಳು. ಆಮೇಲೆ ಮೆಲ್ಲಗೆ ಏರತೊಡಗಿತು. ಸಾಲದ ಕೊನೇ ಕಂತು ಕಟ್ಟಿದ್ದು 2023ರಲ್ಲಿ. ಅದೇ ವರ್ಷ ಸಕ್ಕರೆಯೂ ವಾಪಸ್ ಬಂತು. 2025ರಲ್ಲಿ ತಕ್ಕಡಿ 104 ತೋರಿಸಿತು. ಜೊತೆಗೆ ಹೊಸದೊಂದು ಪೀಡೆ. ಮಲಗಿದರೆ ಹುಳಿನೀರು ಗಂಟಲಿಗೆ ನುಗ್ಗೋದು. ಎರಡು ವರ್ಷದಿಂದ ಅಕ್ಕ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಅದೇ ಆಸ್ಪತ್ರೆಗೆ ಹೋದರೆ, "ನೀವು ಕಂಟ್ರೋಲ್ ಮಾಡಿಲ್ಲ ಮೇಡಂ" ಅಂದರು. ಸ್ಟಾಫ್ ರೂಮಿನಲ್ಲಿ ಅದಕ್ಕೂ ಮುಂದೆ ಹೋಗಿ, "ಪುಕ್ಕಟೆ ಅನ್ನ, ಮೈಗೆ ಹತ್ತುತ್ತೆ" ಅಂದರಂತೆ. ನಾವೇನು ಕಡಿಮೆಯೇ? ಉಣ್ಣೋಕೆ ಕೂತಾಗ ಎಲ್ಲರ ಕಣ್ಣೂ ಅಕ್ಕನ ತಟ್ಟೆ ಮೇಲೆ. ಹಬ್ಬದಲ್ಲಿ ನಾವೇ "ಇನ್ನೊಂದು ಒಬ್ಬಟ್ಟು" ಅಂತ ಇಕ್ಕಿದ್ದೆವು. ಮಾರನೇ ದಿನ ನಾವೇ ಬೈದಿದ್ದೆವು. ಅಕ್ಕ ಬಿಸ್ಕತ್ತನ್ನು ಸೀರೆ ಮಡಿಕೆಯಲ್ಲಿ ಬಚ್ಚಿಟ್ಟು ತಿನ್ನೋದನ್ನು ಕಲಿತಳು. ಐವತ್ತಕ್ಕೆ ಹತ್ತಿರದ ಹೆಂಗಸು, ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದವಳು, ಸ್ವಂತ ಮನೆಯಲ್ಲಿ ಕಳ್ಳಿಯಂತೆ ತಿನ್ನಬೇಕಾಯಿತು. ಇದಕ್ಕೆ ಅವಳೊಬ್ಬಳೇ ಹೊಣೆಯಲ್ಲ.

ನಾವು ಇನ್ನೊಬ್ಬ ಡಾಕ್ಟರನ್ನು ಹುಡುಕಿದೆವು. ಅವರು ಬೈಯಲಿಲ್ಲ, ವಿವರಿಸಿದರು. ಆ ಕೊಳವೆ ವರ್ಷ ಕಳೆದಂತೆ ಹಿಗ್ಗಬಹುದು. ತೂಕ ಇಳಿದ ಮೈ ಬರಗಾಲ ಬಂತೆಂದು ತಿಳಿದು ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ, ಹಸಿವನ್ನು ಮತ್ತೆ ಕೆರಳಿಸುತ್ತದೆ. ಗಟ್ಟಿ ಆಹಾರ ಕೊಳವೆಯಲ್ಲಿ ನಿಲ್ಲುತ್ತದೆ. ಸಿಹಿ ಟೀ, ಬಿಸ್ಕತ್ತು, ಮೆತ್ತನೆ ಅನ್ನ ಸರಾಗ ಜಾರುತ್ತದೆ. "ಚೆನ್ನಾಗಿ ಅಗಿದು ತಿನ್ನಿ" ಎಂದು ಆಸ್ಪತ್ರೆ ಚೀಟಿಯಲ್ಲಿತ್ತು. ನಮ್ಮ ಊಟ ಹಿಟ್ಟು. ಅದನ್ನು ಅಗಿಯಲ್ಲ, ನುಂಗುತ್ತೇವೆ. ಇದನ್ನು ಚೀಟಿ ಬರೆದವರಿಗೆ ಯಾರೂ ಹೇಳಿರಲಿಲ್ಲ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತಲೂ ಬರೆದಿದ್ದರು. ಪನ್ನೀರು, ಬಾದಾಮಿ, ಡಬ್ಬದ ಪುಡಿ. ನಮ್ಮ ಕೇರಿಗೆ ಪ್ರೋಟೀನ್ ಅಂದರೆ ದನದ ಬಾಡು. ಆ ಹೆಸರು ಚೀಟಿಯಲ್ಲಿ ಇರಲಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ನಮ್ಮ ಸಂತೆಯಲ್ಲೂ ಕಾಣದಾಯಿತು. ಡಬ್ಬದ ಪುಡಿ ಎರಡು ತಿಂಗಳು ಕೊಂಡು ನಿಲ್ಲಿಸಿದೆವು. ಉಳಿದದ್ದು ಅಕ್ಕಿ. 2013ರಲ್ಲಿ ಬಂದ ಅನ್ನಭಾಗ್ಯ ನಮ್ಮ ಕೇರಿಯ ಹಸಿವು ನೀಗಿಸಿತು, ಅದನ್ನು ಅಲ್ಲಗಳೆಯೋರು ಹಸಿದವರಲ್ಲ. ಆದರೆ ಬರೀ ಅಕ್ಕಿಯಿಂದ ಮೈ ಕಟ್ಟೋಕಾಗಲ್ಲ.

ಇನ್ನೊಂದು ಮಾತು. 1944-45ರ ಚಳಿಗಾಲದಲ್ಲಿ ನಾಜಿಗಳು ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆದಿದ್ದರು. ಬಸುರಿನ ಮೊದಲ ತಿಂಗಳುಗಳಲ್ಲಿ ಆ ಹಸಿವು ಕಂಡ ತಾಯಂದಿರ ಗಂಡುಮಕ್ಕಳು 19ನೇ ವಯಸ್ಸಿನಲ್ಲಿ ಸೇನೆಯ ಪರೀಕ್ಷೆಗೆ ಬಂದಾಗ ಅವರಲ್ಲಿ ಬೊಜ್ಜು ಹೆಚ್ಚಾಗಿ ಕಂಡಿತೆಂದು 1976ರಲ್ಲಿ ಪ್ರಕಟವಾಯಿತು. ಅಕ್ಕ ಹೊಟ್ಟೆಯಲ್ಲಿದ್ದಾಗ ಅವ್ವ ಗೌಡರ ಗದ್ದೆಯಲ್ಲಿ ನಾಟಿ ಹಾಕಿ ದಿನಕ್ಕೆ ಒಂದೇ ಹೊತ್ತು ಉಂಡವಳು. ಇದೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಆದರೆ ಅಕ್ಕನ ಮೈಯ ಲೆಕ್ಕ ಅಕ್ಕನ ತಟ್ಟೆಯಿಂದ ಶುರುವಾಗಿಲ್ಲ.

ಈಗ ಎದುರಿಗೆ ಮೂರು ದಾರಿ. ಒಂದು, ಊಟ, ನಡಿಗೆ ಸರಿಮಾಡಿ ಸುಮ್ಮನಿರೋದು. ಎರಡು, ವಾರಕ್ಕೊಮ್ಮೆ ಚುಚ್ಚೋ ಸೆಮಾಗ್ಲುಟೈಡ್‌ನಂಥ ಔಷಧಿ. ತೂಕ ಇಳಿಸೋಕೆ ಅಂತಲೇ 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತು. ನಿಲ್ಲಿಸಿದರೆ ತೂಕ ಸಾಮಾನ್ಯವಾಗಿ ಮರಳುತ್ತದೆ. ಮೂರು, ಸ್ಲೀವನ್ನು 'ಬೈಪಾಸ್' ಆಗಿ ಮಾರ್ಪಡಿಸೋದು. ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗ ಬಿಟ್ಟು ಮುಂದಕ್ಕೆ ಜೋಡಿಸುತ್ತಾರೆ. ಮೊದಲ ಆಪರೇಷನ್ನಿಗಿಂತ ಇದರಲ್ಲಿ ಅಪಾಯ ಹೆಚ್ಚು. ಒಳಗೆ ಹಳೇ ಗಾಯ ಅಂಟಿಕೊಂಡಿರುತ್ತದೆ. ಜೋಡಿಸಿದ ಕಡೆ ಸೋರಬಹುದು. ಇಳಿಯೋ ತೂಕ ಮೊದಲ ಸಲಕ್ಕಿಂತ ಕಡಿಮೆ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಸಾಯೋವರೆಗೂ ತಗೊಳ್ಳಬೇಕು, ರಕ್ತ ಪರೀಕ್ಷೆ ತಪ್ಪಿಸೋಹಾಗಿಲ್ಲ.

ಮನೆಯಲ್ಲಿ ಜಗಳವೇ ಆಯಿತು. ಅವ್ವ, "ಒಂದ್ಸಲ ಕುಯ್ಸಿದ್ದೇ ಸಾಕು ಕನ್ ಮಗ, ಮುದುಕಿ ಕಣ್ಮುಂದೆ ಹೋಗ್ಬುಡ್ಬೇಡ" ಅಂದಳು. ತಮ್ಮ, "ಅಕ್ಕ, ಆ ದುಡ್ಡಲ್ಲಿ ನಿನ್ ಮಗ್ಳು ನರ್ಸಿಂಗ್ ಮುಗುಸ್ಬೋದು" ಅಂದ. ಮಗಳು, "ಅಮ್ಮ ಇಲ್ದೆ ನಂಗ್ಯಾಕೆ ನರ್ಸಿಂಗು?" ಅಂತ ಎದ್ದು ಹೋದಳು. ಅಕ್ಕ ಏನೂ ಮಾತಾಡಲಿಲ್ಲ.

ಡಾಕ್ಟರು ಆತುರ ಬೇಡ ಅಂದರು. ಥೈರಾಯಿಡ್, ರಕ್ತ ಪರೀಕ್ಷೆ, ಬೇರಿಯಂ ಕುಡಿಸಿ ಎಕ್ಸ್‌ರೇ, ಎಂಡೋಸ್ಕೋಪಿ. ಕೊಳವೆ ಅಷ್ಟೇನೂ ಹಿಗ್ಗಿರಲಿಲ್ಲ. ಆದರೆ ಅನ್ನನಾಳದ ತುಂಬ ಹುಳಿನೀರಿನ ಹುಣ್ಣು. ಸ್ಲೀವ್ ಆದ ಕೆಲವರಿಗೆ ಹೀಗೆ ಆಗುತ್ತದಂತೆ. ನಾಲ್ಕು ತಿಂಗಳು ಮಾತ್ರೆ ತಗೊಂಡರೂ ಮಾಯಲಿಲ್ಲ. "ಬರೀ ತೂಕ ಆಗಿದ್ರೆ ಔಷಧಿಯಲ್ಲಿ ನೋಡೋಣ ಅಂತಿದ್ದೆ. ಈ ಹುಣ್ಣಿಗೆ ಬೈಪಾಸ್ ಸರಿಯಾದ ದಾರಿ. ಸಕ್ಕರೆಗೂ ಅನುಕೂಲ. 82ಕ್ಕೆ ಇಳೀತೀರಿ ಅಂತ ಮಾತು ಕೊಡಲ್ಲ" ಅಂದರು.

ಆ ರಾತ್ರಿ ಅಕ್ಕ ಗೋಡೆಗೆ ಒರಗಿಕೊಂಡೇ ಹೇಳಿದಳು: "ಮೊದುಲ್ನೇ ಸಲ ಊರೋರ್ ಬಾಯ್ಗೆ ಹೆದ್ರಿ ಮಾಡುಸ್ಕಂಡೆ. ಸಣ್ಣಗಾಗಿ ಅವ್ರಿಗೆ ತೋರುಸ್ಬೇಕು ಅಂತಿತ್ತು. ಈ ಸಲ ತೂಕಕ್ಕಲ್ಲ. ನಾನು ಮಲೀಕಬೇಕು. ಅಷ್ಟೇಯ."

ಅಲ್ಲಿಗೆ ಜಗಳ ಮುಗಿಯಿತು. ನರ್ಸಿಂಗ್ ಫೀಸನ್ನು ತಮ್ಮ ತನ್ನ ಚೀಟಿ ಎತ್ತಿ ಕಟ್ಟಿದ. ಅಕ್ಕ ಮತ್ತೆ ಬ್ಯಾಂಕಿಗೆ ಹೋದಳು. ನಮಗೆ ಎರಡು ಷರತ್ತು ಹಾಕಿದಳು: ಅವಳ ತಟ್ಟೆ ನೋಡಬಾರದು; ತಕ್ಕಡಿಯನ್ನು ಮನೆಯಿಂದ ಹೊರಗೆ ಹಾಕಬೇಕು. ಎರಡಕ್ಕೂ ಒಪ್ಪಿದೆವು.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. 2018ರಲ್ಲಿ ಅಕ್ಕ ಓದದೆ ಸಹಿ ಹಾಕಿದ್ದಳು; ಟೀಚರಾಗಿ ಅರ್ಥವಾಗಲ್ಲ ಅನ್ನೋಕೆ ನಾಚಿಕೆ. ಈ ಸಲ ಪೆನ್ನು ಕೆಳಗಿಟ್ಟು, "ಕನ್ನಡದಲ್ಲಿ ಓದಿ ಹೇಳಿ" ಅಂದಳು. ನೋಟ್‌ಬುಕ್ ತೆಗೆದು ಕೇಳಿದಳು. ಇಂಥ ಎರಡನೇ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಸೋರಿದರೆ ಏನು ಮಾಡ್ತೀರಿ? ಆ ಖರ್ಚು ಯಾರದು? ವಿಟಮಿನ್ ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತೆ? ಐದು ವರ್ಷ ಆದಮೇಲೂ ನನ್ನನ್ನು ನೋಡ್ತೀರಾ? ನಾನು ಬಾಡು ತಿನ್ನೋಳು, ಅದಕ್ಕೆ ತಕ್ಕ ಚೀಟಿ ಬರೆದುಕೊಡ್ತೀರಾ?

ಪಕ್ಕದಲ್ಲಿದ್ದ ಗುಮಾಸ್ತ ನಮ್ಮನ್ನು ನೋಡಿದ ನೋಟ ನಮಗೆ ಗೊತ್ತಿರುವುದೇ. ಅವನ ಬಾಯಲ್ಲಿ ಯಾವ ಮಾತು ಇತ್ತು ಅನ್ನೋದೂ ಗೊತ್ತು. ಡಾಕ್ಟರು ಮಾತ್ರ ಕೂತು ಒಂದೊಂದಕ್ಕೂ ಉತ್ತರ ಹೇಳಿದರು. ಅಕ್ಕ ಎಲ್ಲ ಬರೆದುಕೊಂಡು ಆಮೇಲೆ ಸಹಿ ಹಾಕಿದಳು. ಆಪರೇಷನ್ ಬೇಸಿಗೆ ರಜೆಗೆ ಗೊತ್ತಾಗಿದೆ.