ಕೆರೆಯ ಮುಂದೆ ತಲೆತಗ್ಗಿಸಿದ ದಿನ

ಜವನಗೊಂಡನಹಳ್ಳಿಯ ಸೀಮೆಯಲ್ಲಿ ಬೆಳೆದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಕಟ್ಟೆ ಪೂರ್ಣಗೊಂಡದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ನನ್ನ ತಂದೆಯವರು ಆ ಭಾಗ್ಯವನ್ನು ಕಾಣದೆಯೇ ಹೋದರು. ಕೆರೆ ತುಂಬಿದರೆ ಬಾಗಿನ ಅರ್ಪಿಸುವುದು, ನೀರುಗಂಟಿಯ ಮಾತಿಗೆ ಊರೇ ತಲೆಬಾಗುವುದು, ಇವನ್ನೆಲ್ಲ ನೋಡುತ್ತಲೇ ದೊಡ್ಡವರಾದವರು ನಾವು.

ಅಂಥ ಸೀಮೆಯವನಾದ ನಾನು ಒಂದು ಕೆರೆಗೆ ಕೇಡು ಮಾಡಿದೆನೆಂದರೆ ನನ್ನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಆದರೆ ಅದು ನಿಜ.

ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಮಗನ ಮನೆ ಸೇರಿದೆ. ಕೆರೆಯ ದಂಡೆಯ ಮೇಲಿನ ವಸತಿ ಸಮುಚ್ಚಯ ಅದು. "ಮೇಷ್ಟ್ರಿಗೆ ಬಿಡುವಿದೆ" ಎಂದು ಎಲ್ಲರೂ ಸೇರಿ ನನ್ನನ್ನು ನಿವಾಸಿಗಳ ಸಂಘದ ಕಾರ್ಯದರ್ಶಿಯನ್ನಾಗಿ ಮಾಡಿದರು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ರಚಿಸಿ, 2011ರಲ್ಲಿ ಅಂದಿನ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ಸುಮಾರು 13 ಎಕರೆಯ ಆ ಕೆರೆಯನ್ನು ಉಳಿಸಿಕೊಂಡದ್ದನ್ನು ಸಭೆಯಲ್ಲಿ ವಿವರಿಸಿದೆ. ಎಲ್ಲರೂ ಉತ್ಸಾಹಗೊಂಡರು. ಭಾನುವಾರಗಳಂದು ದಂಡೆಯ ಪ್ಲಾಸ್ಟಿಕ್ ಹೆಕ್ಕಿದೆವು, ಹೊಂಗೆಯ ಸಸಿಗಳನ್ನು ನೆಟ್ಟೆವು. ರಾಜಕಾಲುವೆಗೆ ಯಾರೋ ಕೊಳಚೆ ಬಿಡುತ್ತಿದ್ದಾರೆಂದು ಕಛೇರಿಗಳಿಗೆ ಅರ್ಜಿ ಬರೆದೆ. ಅಕ್ಷರ ಚೆನ್ನಾಗಿದೆಯೆಂದು ಹೊಗಳಿಸಿಕೊಂಡೂ ಬಂದೆ.

ಒಂದು ಬೇಸಿಗೆಯ ಮುಂಜಾನೆ ನೂರಾರು ಮೀನುಗಳು ಸತ್ತು ತೇಲುತ್ತಿದ್ದವು. ನಮ್ಮ ಕೊಳಚೆ ನೀರಿನ ಶುದ್ಧೀಕರಣ ಘಟಕವನ್ನು ನೋಡಿಕೊಳ್ಳುವ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಬೈಬೇಡಿ. ರಾತ್ರಿ ಬ್ಲೋವರ್ ನಿಲ್ಲಿಸ್ತೀವಲ್ಲ, ಆ ನೀರೂ ಕೆರೆಗೇ ಹೋಗುತ್ತೆ" ಎಂದ.

ನನ್ನ ಎದೆ ಧಸಕ್ಕೆಂದಿತು. ವಿದ್ಯುತ್ ಬಿಲ್ಲು ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸಬೇಕೆಂಬ ಠರಾವಿಗೆ ಸಹಿ ಹಾಕಿದವನು ನಾನೇ! ಕೊಳಚೆಯನ್ನು ತಿಂದು ಶುದ್ಧಗೊಳಿಸುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು; ಅದು ನಿಂತರೆ ಅವು ಸೊರಗುತ್ತವೆ, ಅರೆಬರೆ ಶುದ್ಧವಾದ ನೀರು ಹೊರಹೋಗುತ್ತದೆ. ಅದು ಕೆರೆ ಸೇರಿದರೆ ಅಲ್ಲಿ ಕೊಳೆಯುತ್ತ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತದೆ. ರಾತ್ರಿ ಸಸ್ಯಗಳೂ ಆಮ್ಲಜನಕ ಕೊಡವು. ಆದ್ದರಿಂದಲೇ ಮೀನುಗಳು ಬೆಳಗಿನ ಜಾವದಲ್ಲಿ ಸಾಯುವುದು. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದ ಪಾಠವಿದು.

ಇನ್ನೂ ನಾಚಿಕೆಯ ಸಂಗತಿಯೆಂದರೆ, ಮೂರು ವಾರ ಯಾರಿಗೂ ಹೇಳಲಿಲ್ಲ. ಬ್ಲೋವರನ್ನು ಸದ್ದಿಲ್ಲದೆ ಚಾಲೂ ಮಾಡಿಸಿ, ಸರಿಹೋಯಿತೆಂದುಕೊಂಡೆ. ಆದರೆ ನಕಲು ಮಾಡಿ ಸಿಕ್ಕಿಬಿದ್ದ ಮಕ್ಕಳಿಗೆ "ತಪ್ಪಿಗಿಂತ ಮುಚ್ಚಿಡುವುದು ದೊಡ್ಡ ತಪ್ಪು" ಎಂದು ಬೋಧಿಸಿದ ಮಾತು ನಿದ್ರೆ ಕೆಡಿಸಿತು.

ಕಡೆಗೆ ಸರ್ವಸದಸ್ಯರ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. "ಮೀನಿಗೋಸ್ಕರ ನಾವು ತಿಂಗಳಿಗೆ ಹೆಚ್ಚು ಹಣ ಕೊಡಬೇಕೇ ಮೇಷ್ಟ್ರೇ?" ಎಂದು ಒಬ್ಬರು ಕೇಳಿದರು. "ಮೀನಿಗಲ್ಲ ಸ್ವಾಮಿ, ನಮ್ಮ ಮನೆಯ ಹೊಲಸಿಗೆ" ಎಂದೆ. ಬಹಳ ವಾದವಾಯಿತು. ಶುಲ್ಕ ಹೆಚ್ಚಿಸುವ ಠರಾವು ನಾಲ್ಕೇ ಮತಗಳಿಂದ ಗೆದ್ದಿತು. ನಾನು ರಾಜೀನಾಮೆ ನೀಡಿದೆ. ಅವರು ಸ್ವೀಕರಿಸದೆ, ದಿನವೂ ಘಟಕವನ್ನು ಪರೀಕ್ಷಿಸುವ ಕೆಲಸವನ್ನು ನನಗೇ ವಹಿಸಿದರು.

ಕೆರೆ ಪೂರ್ತಿ ಶುದ್ಧವಾಗಿಲ್ಲ. ಬೇರೆ ಕಡೆಗಳಿಂದಲೂ ಕೊಳಚೆ ಬರುತ್ತಲೇ ಇದೆ. ಅರ್ಜಿಗಳನ್ನೂ ಬರೆಯುತ್ತಲೇ ಇದ್ದೇನೆ. ಆದರೆ ಈಗ ಬರೆಯಲು ಕೂರುವ ಮೊದಲು, ನಮ್ಮ ಘಟಕದಿಂದ ಹೊರಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತೇನೆ.