ಅಧಿಕಾರ ಯಾರ ಕೈಯಲ್ಲಿರಬೇಕು?

ಉರ್ದುವಿನಲ್ಲಿ ಒಕ್ಕೂಟಕ್ಕೆ ‘ವಿಫಾಕ್’ ಎನ್ನುತ್ತೇವೆ. ಒಪ್ಪಿಗೆ, ಹೊಂದಿಕೆ ಎಂಬುದು ಅದರ ಮೂಲಾರ್ಥ. ಕನ್ನಡದ ‘ಒಕ್ಕೂಟ’ದಲ್ಲಿ ಕೂಡಿ ಇರುವ ಅರ್ಥವಿದೆ. ಎರಡೂ ಭಾಷೆಗಳಲ್ಲಿ ಕಲಿತ ನಮಗೆ ಅಮೆರಿಕದ ಮೊದಲ ರಾಜಕೀಯ ಪಕ್ಷಗಳ ಜಗಳ ಓದುವಾಗ ಈ ಎರಡು ಪದಗಳೂ ನೆನಪಾಗುತ್ತವೆ. ಕೂಡಿ ಇರಲು ಅವರೆಲ್ಲ ಸಿದ್ಧರಿದ್ದರು. ಯಾವುದಕ್ಕೆ ಒಪ್ಪಿದ್ದೇವೆ ಎಂಬುದೇ ತಕರಾರು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಸಿದ್ಧವಾಯಿತು. ಅದಕ್ಕೂ ಮುಂಚಿನ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈಯೊಡ್ಡಬೇಕಿತ್ತು. ಹೊಸ ಸರಕಾರದ ಹಣಕಾಸು ಹೊಣೆ ಹೊತ್ತ ಅಲೆಕ್ಸಾಂಡರ್ ಹ್ಯಾಮಿಲ್ಟನ್ ರಾಷ್ಟ್ರೀಯ ಬ್ಯಾಂಕ್ ಬೇಕೆಂದರು. ಸಂವಿಧಾನದಲ್ಲಿ ಬ್ಯಾಂಕಿನ ಮಾತೇ ಇಲ್ಲವಲ್ಲ ಎಂದು ಥಾಮಸ್ ಜೆಫರ್ಸನ್ ಆಕ್ಷೇಪಿಸಿದರು. 1791ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಬ್ಯಾಂಕಿಗೆ ಸಹಿ ಹಾಕಿದರು. ಹ್ಯಾಮಿಲ್ಟನ್ ಕಡೆಯವರು ಫೆಡರಲಿಸ್ಟರೆನಿಸಿದರು. ಜೆಫರ್ಸನ್, ಜೇಮ್ಸ್ ಮ್ಯಾಡಿಸನ್ ಕಡೆಯವರು ರಿಪಬ್ಲಿಕನ್ನರು. ಇಂದಿನ ರಿಪಬ್ಲಿಕನ್ ಪಕ್ಷ ಬೇರೆ, ಅದು ಹುಟ್ಟಿದ್ದು 1854ರಲ್ಲಿ.

ಬರೆದು ಬದುಕುವ ನಮ್ಮಂಥವರಿಗೆ ಹೆಚ್ಚು ತಟ್ಟುವುದು 1798ರ ಸಂಗತಿ. ಫ್ರಾನ್ಸಿನೊಡನೆ ಯುದ್ಧವಾದೀತೆಂಬ ಭಯದ ನಡುವೆ ಫೆಡರಲಿಸ್ಟರು ರಾಜದ್ರೋಹ ಕಾಯ್ದೆ ತಂದರು. ಸರಕಾರ, ಕಾಂಗ್ರೆಸ್, ಅಧ್ಯಕ್ಷರ ವಿರುದ್ಧ ಸುಳ್ಳು ನಿಂದೆ ಬರೆದರೆ 2000 ಡಾಲರ್‌ವರೆಗೆ ದಂಡ, 2 ವರ್ಷದವರೆಗೆ ಸೆರೆ. ಉಪಾಧ್ಯಕ್ಷರಿಗೆ ಮಾತ್ರ ಈ ರಕ್ಷಣೆಯಿಲ್ಲ. ಆ ಕುರ್ಚಿಯಲ್ಲಿದ್ದವರು ಎದುರು ಪಕ್ಷದ ಜೆಫರ್ಸನ್! ವಲಸಿಗರು ಪೌರತ್ವಕ್ಕೆ ಕಾಯಬೇಕಾದ ಅವಧಿಯೂ 5ರಿಂದ 14 ವರ್ಷಕ್ಕೇರಿತು. ಅಧ್ಯಕ್ಷ ಆಡಮ್ಸರನ್ನು ಟೀಕಿಸಿ ಬರೆದ ವರ್ಮಾಂಟಿನ ಸಂಸದ ಮ್ಯಾಥ್ಯೂ ಲಯನ್ ಜೈಲು ಸೇರಿದರು. ಜನ ಜೈಲಿನಲ್ಲಿದ್ದವರನ್ನೇ ಮತ್ತೆ ಗೆಲ್ಲಿಸಿದರು. ಇಂಥ ಕಾನೂನು ಅಸಿಂಧು ಎಂದು ಸಾರಿದ ಕೆಂಟಕಿ ನಿರ್ಣಯಗಳನ್ನು ಜೆಫರ್ಸನ್ ಗುಟ್ಟಾಗಿ ಬರೆದುಕೊಟ್ಟರು.

ಹಾಗಾದರೆ ರಾಜ್ಯಗಳ ಪರ ನಿಂತವರೇ ಸರಿಯೇ? ಅವಸರ ಬೇಡ. ಜೆಫರ್ಸನ್ ಅಧ್ಯಕ್ಷರಾದ ಮೇಲೆ, 1803ರಲ್ಲಿ, 1.5 ಕೋಟಿ ಡಾಲರಿಗೆ ಲೂಯಿಸಿಯಾನಾ ಕೊಂಡರು. ಸಂವಿಧಾನದಲ್ಲಿ ಅದರ ಮಾತೂ ಇರಲಿಲ್ಲ. ಆಗ ಕೇಂದ್ರ ಮಿತಿಮೀರಿತೆಂದು ದೂರಿದವರು ಫೆಡರಲಿಸ್ಟರು! 1791ರಲ್ಲಿ ಬ್ಯಾಂಕನ್ನು ವಿರೋಧಿಸಿದ್ದ ಮ್ಯಾಡಿಸನ್, ಅಧ್ಯಕ್ಷರಾಗಿ 1816ರಲ್ಲಿ ಎರಡನೇ ಬ್ಯಾಂಕಿಗೆ ಸಹಿ ಹಾಕಿದರು. ಕುರ್ಚಿ ಬದಲಾದಂತೆ ತತ್ವವೂ ಮಗ್ಗುಲು ಬದಲಿಸಿತು.

‘ರಾಜ್ಯಗಳ ಹಕ್ಕು’ ಎಂಬ ಮಾತು ಮುಂದೆ ಗುಲಾಮಗಿರಿಗೆ ಕೋಟೆಯಾಯಿತು. ಸ್ವಾತಂತ್ರ್ಯದ ಮಾತಾಡಿದ ಜೆಫರ್ಸನ್ ಸ್ವತಃ ಗುಲಾಮರ ಒಡೆಯರು. ಲಯನ್‌ರನ್ನು ಸೆರೆಗೆ ತಳ್ಳಿದ್ದು ಕೇಂದ್ರದ ಕಾನೂನು. ತೋಟದ ಗುಲಾಮನನ್ನು ಕಟ್ಟಿಹಾಕಿದ್ದು ಅವನ ರಾಜ್ಯದ ಕಾನೂನು. ಅಧಿಕಾರ ಕೇಂದ್ರದಲ್ಲಿರಲಿ, ರಾಜ್ಯದಲ್ಲಿರಲಿ, ಅದರ ಎದುರು ಒಬ್ಬಂಟಿಯಾಗಿ ನಿಂತವನ ಗತಿಯೇನು? ಎರಡೂ ಪಕ್ಷಗಳನ್ನು ನಾವು ಅಳೆಯಬೇಕಾದದ್ದು ಈ ಒಂದು ಪ್ರಶ್ನೆಯಿಂದ.