ಲೆಕ್ಕದ ಮೇಷ್ಟ್ರು ಎಲ್ಲಿ ತಯಾರಾಗುತ್ತಾರೆ?

ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ಮಕ್ಕಳ ವಿಷಯದಲ್ಲಿ ಚಿಂತೆಗಳು ಎರಡು. ಮಗು ಕನ್ನಡವನ್ನು ಮರೆತೀತೇ ಎಂಬುದು ಒಂದು; ಲೆಕ್ಕದಲ್ಲಿ ಎಷ್ಟು ನಂಬರು ತಂದೀತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಂಘವಿದೆ, ಈ ಪತ್ರಿಕೆಯಿದೆ. ಎರಡನೆಯದಕ್ಕೆ ನಾವು ಟ್ಯೂಷನ್ ಹುಡುಕುತ್ತೇವೆ. ಅದೂ ಫಲಿಸದಿದ್ದರೆ ಮೇಷ್ಟ್ರನ್ನು ಬೈಯುತ್ತೇವೆ. ಆ ಮೇಷ್ಟ್ರಿಗೆ ಲೆಕ್ಕ ಹೇಳಿಕೊಡುವುದನ್ನು ಹೇಳಿಕೊಟ್ಟವರು ಯಾರು ಎಂದು ಮಾತ್ರ ಕೇಳುವುದಿಲ್ಲ.

ನಮ್ಮ ಮನೆಗೆ ಈ ಪ್ರಶ್ನೆಯನ್ನು ತಂದವಳು ನಮ್ಮ ಅಕ್ಕನ ಮಗಳು. ಬಿ.ಎಸ್ಸಿ. ಮುಗಿಸಿ, ಇಲ್ಲಿ ಮುಂಬಯಿಯಲ್ಲಿ ಬಿ.ಎಡ್. ಓದುತ್ತ ನಮ್ಮಲ್ಲೇ ಇದ್ದಾಳೆ. ಒಂದು ಸಂಜೆ, "ಮಾಮ, ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಎಷ್ಟು?" ಎಂದಳು. ಶಾಲೆಯಲ್ಲಿ ಕಲಿತಂತೆ ಅರ್ಧವನ್ನು ತಲೆಕೆಳಗು ಮಾಡಿ, ಗುಣಿಸಿ, "ಮೂರೂವರೆ" ಎಂದೆವು. "ಸರಿ, ಆದರೆ ತಲೆಕೆಳಗು ಮಾಡುವುದೇಕೆ? ಭಾಗಿಸಿದರೆ ಕಡಮೆಯಾಗುವ ಬದಲು ಹೆಚ್ಚಾದದ್ದು ಹೇಗೆ?" ಎಂದಳು. ಸರ್ಕಾರಿ ಗುಮಾಸ್ತರಾದ ನಮಗೆ "ನಿಯಮ ಹಾಗಿದೆ" ಎಂಬ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಡಿಗೆಮನೆಯಿಂದ ನಮ್ಮ ಮನೆಯಾಕೆ, "ಒಂದೂಮುಕ್ಕಾಲು ಲೀಟರು ಹಾಲನ್ನು ಅರ್ಧ ಲೀಟರಿನ ಪಾತ್ರೆಯಿಂದ ಅಳೆದು ನೋಡಿ, ಮೂರು ಸಲ ತುಂಬಿ, ನಾಲ್ಕನೆಯ ಸಲಕ್ಕೆ ಪಾತ್ರೆ ಅರೆಯಾಗುತ್ತದೆ" ಎಂದಳು. ಒಂದು ಲೀಟರಿಗೆ ಎರಡು ಅರ್ಧಗಳು. ಆದ್ದರಿಂದ ಒಂದೂಮುಕ್ಕಾಲಕ್ಕೆ ಅದರ ಎರಡರಷ್ಟು. ತಲೆಕೆಳಗಿನ ಗುಟ್ಟು ಇಷ್ಟೆ!

ಈ ಲೆಕ್ಕಕ್ಕೆ ಒಂದು ಚರಿತ್ರೆಯೇ ಉಂಟೆಂದು ಹುಡುಗಿ ಹೇಳಿದಳು. ಚೀನಾದಲ್ಲಿ ಉಪಾಧ್ಯಾಯಿನಿಯಾಗಿದ್ದು ಅಮೆರಿಕಕ್ಕೆ ಹೋದ ಲಿಪಿಂಗ್ ಮಾ ಎಂಬಾಕೆ ಎರಡೂ ದೇಶಗಳ ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ಇದೇ ಲೆಕ್ಕ ಕೊಟ್ಟ ವಿವರವನ್ನು 1999ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಮೆರಿಕದ 23 ಮಂದಿಯಲ್ಲಿ ಸರಿಯುತ್ತರ ತಂದವರು 9 ಮಂದಿ. ಚೀನಾದ 72 ಮಂದಿಯದೂ ಸರಿ. ಇದಕ್ಕೊಪ್ಪುವ ಒಂದು ಸನ್ನಿವೇಶವನ್ನು ಹೇಳಿರೆಂದಾಗ ಅಮೆರಿಕದವರಲ್ಲಿ ಗೆದ್ದವರು ಒಬ್ಬರೇ. ಹಾಗೆಂದು ಚೀನಾದವರ ಓದು ಹೆಚ್ಚಿನದೇ? ಅಲ್ಲ. ಅವರು ಓದಿದ ವರ್ಷಗಳು ಅಮೆರಿಕದವರಿಗಿಂತ ಕಡಮೆ. ಆದರೆ ಅಲ್ಲಿನ ಶಾಲೆಗಳಲ್ಲಿ ಉಪಾಧ್ಯಾಯರು ಗುಂಪಾಗಿ ಕುಳಿತು ನಾಳಿನ ಪಾಠವನ್ನು ಇಂದು ಚರ್ಚಿಸುವ ಪದ್ಧತಿಯುಂಟು.

ನಮ್ಮಲ್ಲಿ? ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಲೆಕ್ಕದ ಮೇಷ್ಟ್ರು ಮೂರು ವಿಭಾಗಗಳ ನಡುವೆ ಓಡಾಡುವ ಫೈಲು. ಕಾಲೇಜು ಗಣಿತ ಹೇಳಿಕೊಟ್ಟು, "ಅಗತ್ಯ ಕ್ರಮಕ್ಕಾಗಿ" ಎಂದು ಟ್ರೈನಿಂಗ್ ಕಾಲೇಜಿಗೆ ರವಾನಿಸುತ್ತದೆ. ಅಲ್ಲಿ ಗಣಿತ ಬರುತ್ತದೆಂದು ಭಾವಿಸಿ, ಪಾಠದ ಟಿಪ್ಪಣಿ ಬರೆಯುವುದನ್ನೂ ಚಾರ್ಟು ಮಾಡುವುದನ್ನೂ ಕಲಿಸಿ ಶಾಲೆಗೆ ಕಳುಹಿಸುತ್ತಾರೆ. ಶಾಲೆ ಎಲ್ಲವೂ ಬರುತ್ತದೆಂದು ಭಾವಿಸಿ ತರಗತಿಯೊಳಕ್ಕೆ ತಳ್ಳುತ್ತದೆ. "ಏಕೆ" ಎಂಬ ಪ್ರಶ್ನೆ ಮಾತ್ರ ಯಾರ ಮೇಜಿನ ಮೇಲೂ ಇಲ್ಲ.

ಇದು ನಮ್ಮ ಶೋಧನೆಯಲ್ಲ. 1964ರಿಂದ 66ರವರೆಗೆ ಕುಳಿತ ಕೊಠಾರಿ ಆಯೋಗ, ಶಿಕ್ಷಕರ ತರಬೇತಿ ಸಂಸ್ಥೆಗಳು ವಿಶ್ವವಿದ್ಯಾನಿಲಯದಿಂದಲೂ ಶಾಲೆಗಳಿಂದಲೂ ತಮ್ಮತಮ್ಮೊಳಗೂ ದೂರವಾಗಿವೆ, ಆ ದೂರ ಹೋಗಬೇಕು ಎಂದಿತು. ಅದಕ್ಕೂ ಮೊದಲೇ, 1963ರಲ್ಲಿ, ಅಜ್ಮೀರ್, ಭೋಪಾಲ್, ಭುವನೇಶ್ವರ, ನಮ್ಮ ಮೈಸೂರು, ಈ ನಾಲ್ಕು ಕಡೆ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಹುಟ್ಟಿದವು. ವಿಷಯವನ್ನೂ ಅದನ್ನು ಕಲಿಸುವ ಬಗೆಯನ್ನೂ ನಾಲ್ಕು ವರ್ಷ ಜೊತೆಯಾಗಿ ಓದಿಸಿ, ಆವರಣದಲ್ಲೇ ಇರುವ ಶಾಲೆಯಲ್ಲಿ ಪಾಠ ಮಾಡಿಸುವುದು ಅವುಗಳ ಕ್ರಮ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ಎಲ್ಲ ಕಡೆಗೂ ಬೇಕೆಂದದ್ದು ಇಂಥ ನಾಲ್ಕು ವರ್ಷದ ಓದನ್ನೇ. ಮದರಾಸಿನಲ್ಲಿ 1965ರಲ್ಲಿ ಗಣಿತದ ಉಪಾಧ್ಯಾಯರೇ ಸೇರಿ ಅಖಿಲ ಭಾರತ ಮಟ್ಟದ ಸಂಘವೊಂದನ್ನು ಕಟ್ಟಿಕೊಂಡರು. ಈ ಮುಂಬಯಿಯ ಮಾನ್‌ಖುರ್ದಿನಲ್ಲೇ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. 1974ರಿಂದ ನಡೆಯುತ್ತಿರುವ ಸಂಸ್ಥೆ ಅದು. ದಾರಿ ಇಲ್ಲದೆ ಇಲ್ಲ, ನಡೆಯುವವರು ಕೂಡಬೇಕು.

ಅಕ್ಕನ ಮಗಳು ಕೂಡಿಸಿದ್ದಾಳೆ. ತಿಂಗಳಿಗೆ ಎರಡು ಶನಿವಾರ ನಮ್ಮ ಹೊರಕೋಣೆಯಲ್ಲಿ ಅವಳು, ಅವಳ ಇಬ್ಬರು ಸಹಪಾಠಿಗಳು, ಕೆಳಮಹಡಿಯ ನಿವೃತ್ತ ಗಣಿತ ಪ್ರಾಧ್ಯಾಪಕರು, ನಗರಪಾಲಿಕೆಯ ಕನ್ನಡ ಶಾಲೆಯ ಒಬ್ಬ ಉಪಾಧ್ಯಾಯಿನಿ ಸೇರುತ್ತಾರೆ. ಒಂದೇ ಪಾಠ ತೆಗೆದುಕೊಂಡು, ಮಗು ಎಲ್ಲಿ ಎಡವೀತು ಎಂದು ಹುಡುಕುತ್ತಾರೆ. ಆಮೇಲೆ ಉಪಾಧ್ಯಾಯಿನಿ ತರಗತಿಯಲ್ಲಿ ಅದನ್ನು ನಡೆಸಿ, ಆದದ್ದನ್ನು ಮುಂದಿನ ಸಲ ಬಂದು ಹೇಳುತ್ತಾರೆ.

ಪ್ರಾಧ್ಯಾಪಕರೇ ಮುಂದಾಳಾಗುವರೆಂದು ನಾವು ಎಣಿಸಿದ್ದೆವು. ಮೊದಲ ದಿನ ಅವರು ಭಾಗಾಕಾರದ ಲಕ್ಷಣವನ್ನು ಸೊಗಸಾಗಿಯೇ ವಿವರಿಸಿದರು. ಉಪಾಧ್ಯಾಯಿನಿ ಮೆಲ್ಲನೆ, "ಸಾರ್, ನಮ್ಮ ಮಕ್ಕಳ ತೊಡಕು ಅದಲ್ಲ. 'ಅರ್ಧದಿಂದ ಭಾಗಿಸು' ಎಂದರೆ ಅವರಿಗೆ 'ಅರ್ಧ ಮಾಡು' ಎಂದು ಕೇಳಿಸುತ್ತದೆ" ಎಂದರು. ಪ್ರಾಧ್ಯಾಪಕರು ಒಂದು ಕ್ಷಣ ಸುಮ್ಮನಿದ್ದು, ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡರು. ಅಂದಿನಿಂದ ಆ ಕೂಟಕ್ಕೆ ಅಧ್ಯಕ್ಷರಿಲ್ಲ. ಮಗುವಿನ ತೊಡಕನ್ನು ಬಲ್ಲವರು ಮೊದಲು ಮಾತಾಡುತ್ತಾರೆ. ಗಣಿತ ಬಲ್ಲವರು ಅದನ್ನು ಬಿಡಿಸುತ್ತಾರೆ. ಕಲಿಯುವವರು ಎರಡನ್ನೂ ಬರೆದುಕೊಳ್ಳುತ್ತಾರೆ. ಮೂರು ಮೇಜುಗಳ ಬದಲು ಒಂದು ಜಮಖಾನೆ, ಅಷ್ಟೆ.

ನಮ್ಮ ಸಂಘದಲ್ಲಿ ನಿವೃತ್ತರಾದ ಇಂಜಿನಿಯರುಗಳಿದ್ದಾರೆ, ಪ್ರಾಧ್ಯಾಪಕರಿದ್ದಾರೆ, ಶಾಲೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ. ಶನಿವಾರ ಬೀಗ ಹಾಕಿರುವ ಸಭಾಂಗಣವೂ ಇದೆ. ಬರುವ ಜೂನಿನಲ್ಲಿ ನಮ್ಮ ಹುಡುಗಿ ನಲವತ್ತು ಮಕ್ಕಳ ಮುಂದೆ ನಿಲ್ಲುತ್ತಾಳೆ. ಅವರಲ್ಲಿ ಒಂದು ಮಗು ಎದ್ದು "ಏಕೆ ಟೀಚರ್?" ಎಂದಾಗ "ನಿಯಮ ಹಾಗಿದೆ" ಎಂಬ ಉತ್ತರ ಬಾರದಿರಲೆಂದು ನಮ್ಮ ಆಸೆ. ಬೀಗದ ಕೈ ಯಾರಲ್ಲಿದೆಯೋ ಅವರು ದಯವಿಟ್ಟು ತಿಳಿಸಬೇಕು.